ನೀಲಿ ಕಡೆಯ ಓಟ

ಮೈಸೂರಿನಲ್ಲಿ ಹಿಮ ಅಂದರೆ ಏನು? ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವ ಬಿಳೀ ಹೆಪ್ಪು, ಅಷ್ಟೆ. ನಮ್ಮ ಅಗ್ರಹಾರದ ಬೀದಿಯ ಹೆಂಗಸರು ಅದನ್ನು ಚಾಕುವಿನಲ್ಲಿ ಕೆರೆದು ತೆಗೆಯುತ್ತಾ, "ಏನಮ್ಮಾ, ನೀನು ಇದ್ರ ಮೇಲೇ ಜಾರೋದಂತೆ?" ಎಂದು ನಗುತ್ತಿದ್ದರು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ಹೌದು ಕಣ್ರೀ, ನಿಮ್ಮ ಫ್ರಿಜ್ಜಿಗೂ ಒಂದಿನ ಬರ್ತೀನಿ, ಬಾಗ್ಲು ತೆಗೆದಿಡಿ" ಅಂದು ಎದ್ದು ಬಂದುಬಿಡುತ್ತಿದ್ದೆ.

ನನ್ನ ಕೆಲಸ ಏನು ಅಂತ ಇಲ್ಲಿ ಒಂದು ಸಲ ನೆಟ್ಟಗೆ ಹೇಳಿಬಿಡುತ್ತೇನೆ, ಯಾಕೆಂದರೆ ಆಗೆಲ್ಲ ಹೇಳಿದರೆ ಯಾರೂ ಕೂತು ಕೇಳಲಿಲ್ಲ. ಸ್ನೋಬೋರ್ಡ್ ಅನ್ನುವುದು ಒಂದು ಹಲಗೆ. ನನ್ನದು ಹೆಚ್ಚೂಕಡಿಮೆ ನನ್ನಷ್ಟೇ ಉದ್ದ, ಒಂದು ಗೇಣಗಲ, ಅಂಚಿಗೆ ಉಕ್ಕಿನ ಪಟ್ಟಿ. ಎರಡೂ ಕಾಲನ್ನು ಅದಕ್ಕೆ ಬಿಗಿದುಕೊಂಡು ಹಿಮದ ಗುಡ್ಡದಿಂದ ಇಳಿಯಬೇಕು. ಗುಡ್ಡದ ಮೇಲೆ ಪಕ್ಕಪಕ್ಕದಲ್ಲಿ ಎರಡು ದಾರಿ ಹಾಕಿರುತ್ತಾರೆ, ಒಂದಕ್ಕೆ ಕೆಂಪು ಬಾವುಟ, ಇನ್ನೊಂದಕ್ಕೆ ನೀಲಿ. ಒಂದು ಬಾವುಟ ಬಲಕ್ಕೆ, ಒಂದು ಎಡಕ್ಕೆ, ಒಂದನ್ನೂ ಬಿಡದೆ ಸುತ್ತಿ ಇಳಿಯಬೇಕು. ಮೊದಲು ಒಂದು ಸಲ ಒಂದು ದಾರಿಯಲ್ಲಿ, ಆಮೇಲೆ ಇನ್ನೊಂದು ಸಲ ಮತ್ತೊಂದರಲ್ಲಿ. ಎರಡೂ ಓಟದ ಸಮಯ ಕೂಡಿಸಿ ಯಾರದು ಕಡಿಮೆಯೋ ಅವರು ಮುಂದೆ. ಒಂದೇ ಓಡಿದವರಿಗೆ ಲೆಕ್ಕವೇ ಇಲ್ಲ. ಇದನ್ನು ತೊಂಬತ್ತರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷ ಹೊಟ್ಟೆಪಾಡಾಗಿ ಮಾಡಿದೆ.

ನಮ್ಮದು ಅಗ್ರಹಾರದಲ್ಲಿ ಒಂದು ಸಣ್ಣ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ವಿಭೂತಿ ಗಟ್ಟಿ, ರುದ್ರಾಕ್ಷಿ, ಲಿಂಗ ಇಡುವ ಬೆಳ್ಳಿಯ ಕರಡಿಗೆ, ಅದನ್ನು ಕೊರಳಿಗೆ ಕಟ್ಟಿಕೊಳ್ಳುವ ಶಿವದಾರ, ಇಷ್ಟೇ ವ್ಯಾಪಾರ. ಅಪ್ಪ ನಾನು ಸ್ಕೂಲಿನಲ್ಲಿರುವಾಗಲೇ ಹೋಗಿಬಿಟ್ಟರು. ಆಮೇಲೆ ಅವ್ವನೇ ಗಲ್ಲಾದ ಮುಂದೆ ಕೂತಳು. ಶಿವದಾರವನ್ನು ಅವಳು ಕೊಂಡು ಮಾರುತ್ತಿರಲಿಲ್ಲ, ತಾನೇ ನೂಲು ಹೊಸೆದು ಮಾಡುತ್ತಿದ್ದಳು. ಗಿರಾಕಿ ಜೊತೆ ಮಾತಾಡುತ್ತಾ, ನನ್ನನ್ನು ಬೈಯುತ್ತಾ, ಬೆರಳು ಮಾತ್ರ ಹೊಸೆಯುತ್ತಲೇ ಇರುತ್ತಿದ್ದವು. ಅವಳ ಗಂಟು ಬಿಚ್ಚಿತು ಅಂತ ಯಾರೂ ವಾಪಸ್ಸು ತಂದದ್ದು ನಾನು ಕಾಣೆ.

ನಮ್ಮಲ್ಲಿ ಲಿಂಗ ಕಟ್ಟಿಸಿಕೊಂಡ ಮೇಲೆ ಅದು ಮೈಬಿಟ್ಟು ಹೋಗುವ ಹಾಗಿಲ್ಲ. ದಿನಾ ಸ್ನಾನವಾದ ಮೇಲೆ ಎಡಗೈ ಅಂಗೈಯಲ್ಲಿಟ್ಟು ಪೂಜೆ, ಆಮೇಲೆ ಬಾಯಿಗೆ ಅನ್ನ. ಅಕಸ್ಮಾತ್ ಕಳೆದುಹೋದರೆ ಮಠಕ್ಕೆ ಹೋಗಿ ಗುರುಗಳ ಕೈಯಿಂದ ಇನ್ನೊಂದು ಕಟ್ಟಿಸಿಕೊಳ್ಳುವವರೆಗೂ ಅನ್ನ ಮುಟ್ಟುವುದಿಲ್ಲ. ಈಗಿನವರು ಎಷ್ಟು ಜನ ಹಾಗಿರುತ್ತಾರೋ ಗೊತ್ತಿಲ್ಲ. ಅವ್ವ ಇದ್ದಳು, ನನ್ನನ್ನೂ ಹಾಗೇ ಬೆಳೆಸಿದಳು.

ಜಾರುವ ಚಟ ಹತ್ತಿದ್ದು ಬೇರಿಂಗ್ ಗಾಡಿಯಿಂದ. ಗ್ಯಾರೇಜಿನಲ್ಲಿ ಬಿಸಾಕಿದ ಬಾಲ್ ಬೇರಿಂಗು ಒಂದು ಹಲಗೆಗೆ ಸಿಕ್ಕಿಸಿದರೆ ಗಾಡಿ. ಹುಡುಗರು ಅದರ ಮೇಲೆ ಕುಕ್ಕರುಗಾಲಲ್ಲಿ ಕೂರುತ್ತಿದ್ದರು, ನಾನು ಅಡ್ಡ ನಿಲ್ಲುತ್ತಿದ್ದೆ. ಚಾಮುಂಡಿಬೆಟ್ಟದ ತಪ್ಪಲಿನ ಇಳಿಜಾರಿಗೆ ಎಳೆದುಕೊಂಡು ಹೋಗಿ ಕರಕರ ಅನ್ನಿಸಿಕೊಂಡು ಇಳಿದು ಮೊಣಕಾಲು ಕಿತ್ತುಕೊಂಡು ಬಂದರೆ ಅವ್ವ ಗಾಯಕ್ಕೆ ವಿಭೂತಿ ಮೆತ್ತಿ, "ಗಂಡುಬೀರಿ, ಲಿಂಗ ನೆಟ್ಟಗಿದೆಯಾ?" ಅಂತ ಮೊದಲು ಕೊರಳು ತಡಕುತ್ತಿದ್ದಳು. ಮೊಣಕಾಲು ಆಮೇಲೆ.

ಕಾಲೇಜಿನಲ್ಲಿ ಒಂದು ಸಾಹಸ ಶಿಬಿರಕ್ಕೆ ಅಂತ ಹಿಮಾಚಲಕ್ಕೆ ಕರೆದುಕೊಂಡು ಹೋದರು. ಎಲ್ಲರೂ ಹಿಮ ಎರಚಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ಒಬ್ಬ ಫಾರಿನ್ನಿನವನು ಮೇಲಿನಿಂದ ಹಲಗೆಯ ಮೇಲೆ ಅಡ್ಡ ನಿಂತು ಇಳಿದು ಬಂದ. ಬೇರಿಂಗಿನ ಸದ್ದಿಲ್ಲ, ಗಾಯವಿಲ್ಲ, ಸುಮ್ಮನೆ ಸುಯ್ ಅಂತ. ಅಯ್ಯೋ ಶಿವನೇ, ಇದು ನಂದು ಅನ್ನಿಸಿಬಿಟ್ಟಿತು. ಶಿಬಿರ ಮುಗಿಸಿ ಎಲ್ಲರೂ ಮೈಸೂರಿನ ರೈಲು ಹತ್ತಿದರು. ಡಿಗ್ರಿ ಮುಗಿದ ವರ್ಷ ನಾನು ಒಬ್ಬಳೇ ಅತ್ತ ಕಡೆಯ ರೈಲು ಹತ್ತಿದೆ.

ಅವ್ವ ಕೂಗಾಡಿದಳು. ರಾಮಕೃಷ್ಣನಗರದಲ್ಲಿ ಸೈಟಿರುವ ಒಬ್ಬ ಹುಡುಗನ ಜಾತಕ ಬಂದಿತ್ತು, ಅದನ್ನು ತೋರಿಸಿದಳು, ಅತ್ತಳು. ನಾನೂ ಕೂಗಾಡಿದೆ. ಕೊನೆಗೆ ಒಂದು ದಿನ ಬೆಳಿಗ್ಗೆ ಹೊಸ ಶಿವದಾರ ಹೊಸೆದು ತಂದು ನನ್ನ ಕೊರಳಿಗೆ ಕಟ್ಟಿ, "ಎಲ್ಲಿಗಾದ್ರೂ ಹಾಳಾಗಿ ಹೋಗು. ಇದು ಮೈಮೇಲಿರೋಗಂಟ ನೀನು ನನ್ನ ಮಗಳು" ಅಂದಳು. ಆ ಮಾತು ನನ್ನ ಎದೆಯಲ್ಲಿ ನಾಟಿಬಿಟ್ಟಿತು.

ಎರಡು ಚಳಿಗಾಲ ಹಿಮಾಚಲದಲ್ಲಿ ಟೂರಿಸ್ಟುಗಳಿಗೆ ಪಾಠ ಹೇಳಿಕೊಂಡು ಕಲಿತೆ. ಅಲ್ಲಿನ ಒಂದು ಪಂದ್ಯದಲ್ಲಿ ನನ್ನನ್ನು ನೋಡಿದ ಒಬ್ಬ ಆಸ್ಟ್ರಿಯಾದ ಮುದುಕ, ಹಿಮವಿಲ್ಲದ ದೇಶಗಳಿಂದ ಬಂದ ನಾಲ್ಕೈದು ಜನರನ್ನು ಕಟ್ಟಿಕೊಂಡು ತಂಡ ನಡೆಸುತ್ತಿದ್ದವನು, ನನ್ನನ್ನೂ ಸೇರಿಸಿಕೊಂಡ. ಅವನೇ ನನ್ನ ಕೋಚ್. ಒಂದು ಸಣ್ಣ ಕಾರ್ಖಾನೆಯವರು ಹಲಗೆಯನ್ನೂ ಓಡಾಟದ ಖರ್ಚನ್ನೂ ಕೊಟ್ಟರು. ನಾನು ವಿಮಾನ ಹತ್ತಿದೆ.

ವಿಮಾನನಿಲ್ದಾಣದ ಕಥೆ ಕೇಳಿ. ಅವ್ವ ನನ್ನ ಚೀಲದಲ್ಲಿ ಪೂಜೆಗೆ ಅಂತ ವಿಭೂತಿ ಗಟ್ಟಿ ಪುಡಿ ಮಾಡಿ ಒಂದು ಕವರು, ಒಣಗಿಸಿದ ಬಿಲ್ವಪತ್ರೆ ಇನ್ನೊಂದು ಕವರು ಇಟ್ಟಿದ್ದಳು. ಬಿಳೀ ಪುಡಿ, ಒಣಗಿದ ಎಲೆ! ಅಲ್ಲಿನ ಪೊಲೀಸರು ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿ ನಾಯಿ ತಂದು ಮೂಸಿಸಿದರು. ನಾಯಿ ಸೀನಿ ಹೊರಟುಹೋಯಿತು. ನಾನು ಹಣೆಗೆ ಮೂರು ಬೆರಳು ಎಳೆದು ತೋರಿಸಿದ ಮೇಲೆ ಬಿಟ್ಟರು. ಪ್ರತಿ ವರ್ಷವೂ ಇದೇ ಗೋಳು, ಪ್ರತಿ ವರ್ಷವೂ ಅವ್ವ ಎರಡು ಕವರು ಇಟ್ಟೇ ಇಡುತ್ತಿದ್ದಳು.

ಆ ವರ್ಷಗಳ ಬಗ್ಗೆ ಕೇಳುವವರು ಗುಡ್ಡ, ವೇಗ, ಪದಕ ಅಂತ ಏನೇನೋ ಅಂದುಕೊಂಡಿರುತ್ತಾರೆ. ಅಷ್ಟೆಲ್ಲ ಇಲ್ಲ ಮಾರಾಯ್ರೇ. ಓಟ ಒಂದು ನಿಮಿಷವೂ ಇರುವುದಿಲ್ಲ. ಉಳಿದದ್ದೆಲ್ಲ ಕಾಯುವುದು. ಬಸ್ಸಿನಲ್ಲಿ ಕಾಯುವುದು, ಗುಡ್ಡದ ಮೇಲಕ್ಕೆ ತಂತಿಯಲ್ಲಿ ಎಳೆದುಕೊಂಡು ಹೋಗುವ ಕುರ್ಚಿಯಲ್ಲಿ ನೇತಾಡುತ್ತಾ ಕಾಯುವುದು, ಮಂಜು ಸರಿಯಲಿ ಅಂತ ಕಾಯುವುದು. ಸಂಜೆ ಲಾಡ್ಜಿನ ನೆಲಮಾಳಿಗೆಯಲ್ಲಿ ಹಲಗೆಯನ್ನು ಮಗುಚಿ ಹಾಕಿ ಅಂಚಿಗೆ ಅರ ತಿಕ್ಕುವುದು, ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ತಳಕ್ಕೆ ಹಚ್ಚುವುದು, ಆರಿದ ಮೇಲೆ ಕೆರೆದು ತೆಗೆಯುವುದು. ಪಕ್ಕದಲ್ಲಿ ಬೇರೆ ದೇಶದ ಹುಡುಗಿಯರು ತಮ್ಮ ತಮ್ಮ ಭಾಷೆಯಲ್ಲಿ ನಗುತ್ತಿದ್ದರು. ನನಗೆ ಕನ್ನಡದಲ್ಲಿ ಬೈಯೋಕೂ ಒಬ್ಬರಿರಲಿಲ್ಲ. ಹಲಗೆಯನ್ನೇ "ಬಾ ಮುಂಡೇದೇ, ತಿರುಗು" ಅಂತ ಮಾತಾಡಿಸುತ್ತಿದ್ದೆ. ಬೆಳಿಗ್ಗೆ ಪೂಜೆಗೆ ಕೂತಾಗ ಮಾತ್ರ ಜೊತೆಗೆ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಅಂಗೈಯಲ್ಲಿ ಆ ಪುಟ್ಟ ಕರೀ ಲಿಂಗ, ಅದಕ್ಕೆ ಅವ್ವನ ಮನೆಯ ವಿಭೂತಿ, ಒಣ ಪತ್ರೆ. ನನ್ನ ಊರು ಅಂತ ಆ ದೇಶದಲ್ಲಿದ್ದದ್ದು ಅಷ್ಟೇ.

ಭಾನುವಾರ ಭಾನುವಾರ ಫೋನ್ ಕಾರ್ಡು ಹಾಕಿ ಅಂಗಡಿಗೆ ಫೋನ್ ಮಾಡುತ್ತಿದ್ದೆ. ಅವ್ವನ ಪ್ರಶ್ನೆ ಎರಡೇ, ಅದೂ ಯಾವಾಗಲೂ ಅದೇ ಸಾಲಿನಲ್ಲಿ. "ಪೂಜೆ ಆಯ್ತಾ? ಊಟ ಆಯ್ತಾ?" ಆಮೇಲೆ ನನ್ನ ಸರದಿ. ನಾನು ಒಂದೇ ಸಮನೆ ಹೇಳುತ್ತಿದ್ದೆ. ಈ ವಾರ ಕೆಂಪು ಕಡೆ ಚೆನ್ನಾಗಿತ್ತು, ನೀಲಿ ಕಡೆ ಬಿದ್ದೆ, ಹಿಮ್ಮಡಿ ಕಡೆಗೆ ವಾಲೋ ತಿರುವು ನಂಗೆ ಇನ್ನೂ ಕೂರ್ತಾ ಇಲ್ಲ, ಹಿಮ ಕಲ್ಲಾಗಿತ್ತು, ಅದೂ ಇದೂ. ಆ ಕಡೆಯಿಂದ "ಹ್ಞೂಂ" ಅಂತ ಬರುತ್ತಿತ್ತು. ನಡುವೆ ಯಾರಿಗೋ "ಕರಡಿಗೆ ದೊಡ್ಡದು ಬೇಕಾ, ಚಿಕ್ಕದಾ?" ಅಂತ ಕೇಳುವುದು ಕೇಳಿಸುತ್ತಿತ್ತು. ಮತ್ತೆ "ಹ್ಞೂಂ". ಫೋನ್ ಇಟ್ಟ ಮೇಲೆ ನನಗೆ ಅಳು ಬರುತ್ತಿತ್ತು. ಗೋಡೆಗೆ ಹೇಳಿದ್ದರೂ ಇಷ್ಟೇ ಆಗುತ್ತಿತ್ತು ಅಂದುಕೊಳ್ಳುತ್ತಿದ್ದೆ.

ಬೇಸಿಗೆಗೆ ಊರಿಗೆ ಬಂದರೆ ಅದು ಇನ್ನೊಂದು ತರಹದ ಒಂಟಿತನ. ಬೆಳಿಗ್ಗೆ ಸೈಕಲ್ಲು ತುಳಿದುಕೊಂಡು ಮಂಡಕಳ್ಳಿಗೆ ಹೋಗುತ್ತಿದ್ದೆ. ಆಗ ಅಲ್ಲಿ ಈಗಿನ ಏರ್‌ಪೋರ್ಟ್ ಇರಲಿಲ್ಲ, ಹಳೇ ರನ್‌ವೇ ಒಂದು ಖಾಲಿ ಬಿದ್ದಿತ್ತು. ಸೊಂಟಕ್ಕೆ ಹಗ್ಗ ಕಟ್ಟಿ ಲಾರಿಯ ಹಳೇ ಟೈರು ಎಳೆದುಕೊಂಡು ಅದರ ಉದ್ದಕ್ಕೂ ಓಡುತ್ತಿದ್ದೆ. ಎಮ್ಮೆ ಮೇಯಿಸುವ ಒಬ್ಬ ಯಜಮಾನರು ದಿನಾ ನೋಡಿ ಕೊನೆಗೆ ಒಂದು ದಿನ, "ಯಾಕವ್ವ, ಎಂಗಾಯ್ತು ನಿಂಗೆ? ಮನೇಲಿ ಯಾರೂ ಇಲ್ವಾ?" ಅಂತ ಮರುಕದಿಂದ ಕೇಳಿದರು. ನನಗೆ ನಗು ಬಂತು. ಆದರೆ ಸೈಕಲ್ಲಿನಲ್ಲಿ ವಾಪಸ್ಸು ಬರುವಾಗ ಆ ಪ್ರಶ್ನೆಯೇ ತಲೆಯಲ್ಲಿ ಸುತ್ತಿತು. ಮನೆಯಲ್ಲಿ ಅವ್ವ ಹೊಸೆಯುತ್ತಾ ಕೂತಿರುತ್ತಿದ್ದಳು, "ಮುಗೀತಾ ನಿನ್ನ ಜಾರಾಟ?" ಅನ್ನುತ್ತಿದ್ದಳು. ನಾನೂ "ಹ್ಞೂಂ" ಅನ್ನುತ್ತಿದ್ದೆ.

ಹೀಗೆ ವರ್ಷಗಳು ಹೋಗಿ, ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಚಳಿಗಾಲದಲ್ಲಿ ನನ್ನ ಟೈಮು ಬಂತು. ನಾಲ್ಕು ವರ್ಷಕ್ಕೊಮ್ಮೆ ಎಲ್ಲ ದೇಶದವರೂ ಸೇರುವ ದೊಡ್ಡ ಕೂಟಕ್ಕೆ ಹೋಗಲು ನನಗೆ ಒಂದೇ ಪಂದ್ಯ ಬಾಕಿ ಇತ್ತು. ಆಸ್ಟ್ರಿಯಾದ ಒಂದು ಹಳ್ಳಿಯ ಗುಡ್ಡದಲ್ಲಿ. ಎರಡೂ ಓಟ ಕೂಡಿಸಿ ಮೊದಲ ಹದಿನಾರರೊಳಗೆ ಬಂದರೆ ಸಾಕು, ಹೋದ ಹಾಗೇ. ಇಲ್ಲದಿದ್ದರೆ ಮತ್ತೆ ನಾಲ್ಕು ವರ್ಷ, ಅಷ್ಟರಲ್ಲಿ ನನ್ನ ಮೊಣಕಾಲು ಇರುವುದಿಲ್ಲ ಅಂತ ಕೋಚ್ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ. ಹಿಂದಿನ ಭಾನುವಾರ ಅವ್ವನಿಗೂ ಇದನ್ನೆಲ್ಲ ಹೇಳಿದೆ. "ಹ್ಞೂಂ" ಅಂದಳು. "ಪತ್ರೆ ಇದ್ಯಾ, ಮುಗೀತಾ?" ಅಂದಳು.

ತಿರುವಿನಲ್ಲಿ ಮೈ ಪೂರ್ತಿ ಹಿಮದ ಕಡೆ ವಾಲುತ್ತದೆ. ಆಗ ಬಿಗಿ ಉಡುಪಿನೊಳಗೆ ಕರಡಿಗೆ ಎದೆಮೂಳೆಗೆ ಒತ್ತುತ್ತಿತ್ತು. ಅದಕ್ಕೇ ಪಂದ್ಯದ ದಿನ ಮಾತ್ರ ಅದನ್ನು ಬಿಳೀ ಬಟ್ಟೆಯಲ್ಲಿ ಸುತ್ತಿ, ದಾರವನ್ನು ಕೊರಳಿಂದ ಕಂಕುಳಿಗೆ ಅಡ್ಡ ಹಾಕಿ, ಉಡುಪಿನ ಮೇಲೆ, ನಂಬರಿನ ಬಟ್ಟೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಅಷ್ಟು ವರ್ಷ ಏನೂ ಆಗಿರಲಿಲ್ಲ.

ಮೊದಲ ಓಟ ಕೆಂಪು ಕಡೆ. ಓಟ ಶುರುವಾಗುವಲ್ಲಿ ಕಾಲಿಗೆ ಅಡ್ಡ ಇಟ್ಟಿದ್ದ ಬಾಗಿಲು ದಢಾರ್ ಅಂತ ಬಿತ್ತು, ಪಕ್ಕದ ಹಿಡಿ ಎಳೆದು ಹೊರಗೆ ಹಾರಿದೆ. ಅವತ್ತು ಹಲಗೆ ಹೇಳಿದ ಮಾತು ಕೇಳುತ್ತಿತ್ತು. ಗಟ್ಟಿ ಹಿಮದಲ್ಲಿ ಅಂಚು ಗರಗಸದ ಹಾಗೆ ಕುಯ್ದುಕೊಂಡು ಹೋಯಿತು. ಕೊನೆಯ ಕಡಿದಾದ ಜಾಗದಲ್ಲಿ ತೀರಾ ವಾಲಿಬಿಟ್ಟೆ, ಸೊಂಟ ನೆಲಕ್ಕೆ ತಾಗಿತು, ಬಾವುಟದ ಗೂಟ ಎದೆಗೆ ರಪ್ಪನೆ ಹೊಡೆಯಿತು, ಹೇಗೋ ಎದ್ದು ಗೆರೆ ದಾಟಿದೆ. ಸಮಯ ತೋರಿಸುವ ದೊಡ್ಡ ಬೋರ್ಡಿನಲ್ಲಿ ನನ್ನ ನಂಬರಿನ ಪಕ್ಕ ಐದನೆಯ ಸ್ಥಾನ ಅಂತ ಬಂತು. ಐದು! ಕೋಚ್ ಟೋಪಿ ತೆಗೆದು ಎಸೆದ. ನನಗೆ ಕುಣಿಯುವ ಹಾಗಾಗಿತ್ತು. ಖುಷಿಯಾದಾಗ ಕೈ ತಾನಾಗಿ ಎದೆಗೆ ಹೋಗುವುದು ನನ್ನ ಅಭ್ಯಾಸ. ಹೋಯಿತು. ಎದೆಯ ಮೇಲೆ ಏನೂ ಇರಲಿಲ್ಲ.

ನಂಬರಿನ ಬಟ್ಟೆ ಕಿತ್ತು ನೋಡಿದೆ, ಉಡುಪಿನ ಜಿಪ್ಪು ಎಳೆದು ನೋಡಿದೆ. ಭುಜದ ಮೇಲೆ ದಾರದ ಒಂದು ತುಂಡು ನೇತಾಡುತ್ತಿತ್ತು.

ನೀಲಿ ಕಡೆಯ ಓಟಕ್ಕೆ ಇನ್ನೂ ಸಮಯವಿತ್ತು. ಹಲಗೆ ಬಿಚ್ಚಿ ಬಿಸಾಕಿ, ಕಲ್ಲಿನಂಥ ಬೂಟಿನಲ್ಲೇ ದಾರಿಯ ಅಂಚು ಹಿಡಿದು ಮೇಲಕ್ಕೆ ಹತ್ತಿದೆ. ಬೇರೆಯವರು ಇನ್ನೂ ಇಳಿಯುತ್ತಿದ್ದರು. ಕಾವಲಿನವರು ಕೂಗಿ ಓಡಿಸಿದರು, ಅವರ ಕಣ್ಣು ತಪ್ಪಿಸಿ ಮತ್ತೆ ಹೋದೆ. ಲಿಂಗ ಕರಿದು, ಆದರೆ ಅದು ಬೆಳ್ಳಿ ಕರಡಿಗೆಯೊಳಗೆ, ಕರಡಿಗೆ ಬಿಳೀ ಬಟ್ಟೆಯೊಳಗೆ. ಬಿಳೀ ಹಿಮದಲ್ಲಿ ಬಿಳೀ ಗಂಟು ಎಲ್ಲಿ ಅಂತ ಹುಡುಕುವುದು? ಗೂಟ ಹೊಡೆದ ಜಾಗದ ಪಕ್ಕ ಮೊಣಕಾಲೂರಿ, ಕೈಗವಸು ಬಿಚ್ಚಿ, ಬರಿಗೈಯಲ್ಲಿ ಕೆದಕಿದೆ. ಅಲ್ಲಿದ್ದ ಕೆಲಸದವನೊಬ್ಬ ಪಾಪ, ನಿಶ್ಚಿತಾರ್ಥದ ಉಂಗುರ ಕಳೆದುಕೊಂಡೆ ಅಂದುಕೊಂಡು ತಾನೂ ಕೂತು ಕೆದಕಿದ.

ಕೋಚ್ ಬಂದು ತೋಳು ಹಿಡಿದು ಎಳೆದ. ಎಷ್ಟು ದುಬಾರಿಯಾದರೂ ನಾನು ಕೊಡಿಸುತ್ತೇನೆ, ಮೊದಲು ಮೇಲೆ ಹೋಗು ಅಂದ. ಕೊಡಿಸುವಂಥದ್ದಲ್ಲ ಅಂತ ಅವನಿಗೆ ಯಾವ ಭಾಷೆಯಲ್ಲಿ ಹೇಳಲಿ? ಬೆರಳು ಸೆಟೆದುಹೋಗಿದ್ದವು. ಮೈಕಿನಲ್ಲಿ ನನ್ನ ನಂಬರು ಕೂಗಿದರು. ಎದ್ದೆ. ಎರಡು ಹೆಜ್ಜೆ ಹೋದೆ. ಇದು ಮೈಮೇಲಿರೋಗಂಟ ನೀನು ನನ್ನ ಮಗಳು. ಬರಿದಾದ ಎದೆಯಲ್ಲಿ ಓಡಿ ಗೆದ್ದೆ ಅಂತ ಆ ತಾಯಿಗೆ ಹೇಗೆ ಹೇಳುವುದು? ತಿರುಗಿ ಬಂದು ಮತ್ತೆ ಮೊಣಕಾಲೂರಿದೆ. ಮೈಕಿನಲ್ಲಿ ಇನ್ನೊಮ್ಮೆ ಕೂಗಿದರು, ಆಮೇಲೆ ಮುಂದಿನವಳನ್ನು ಕರೆದರು.

ಅದು ಸಿಗಲಿಲ್ಲ. ಗುಡ್ಡ ಖಾಲಿಯಾಗಿ, ಹಿಮ ಸಮ ಮಾಡುವ ಯಂತ್ರ ಬಂದು ಎಲ್ಲವನ್ನೂ ಮಗುಚಿ ಹಾಕುವವರೆಗೂ ಹುಡುಕಿದೆ. ಕೋಚ್ ನನ್ನ ಮುಖ ನೋಡಲಿಲ್ಲ. ಆ ಭಾನುವಾರ ಫೋನ್ ಮಾಡುವ ಧೈರ್ಯ ನನಗಾಗಲಿಲ್ಲ. ಊಟದ ತಟ್ಟೆ ಮುಂದಿಟ್ಟರೆ ಪಕ್ಕಕ್ಕೆ ಸರಿಸುತ್ತಿದ್ದೆ. ಬರೀ ನೀರು ಕುಡಿದುಕೊಂಡು, ಸಿಕ್ಕ ವಿಮಾನ ಹತ್ತಿ, ಬೆಂಗಳೂರಿನಿಂದ ಬಸ್ಸು ಹಿಡಿದು ಊರಿಗೆ ಬಂದುಬಿಟ್ಟೆ.

ಅವ್ವ ಅಂಗಡಿಯಲ್ಲಿ ದಾರ ಹೊಸೆಯುತ್ತಿದ್ದಳು. ಮಧ್ಯಾಹ್ನ, ಗಿರಾಕಿ ಇರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತಳು. ಅವಳ ಕಣ್ಣು ನೇರ ನನ್ನ ಕೊರಳಿಗೆ ಹೋಯಿತು.

"ಎಲ್ಲೇ?"

"ಕಳೆದ್ಹೋಯ್ತು ಕಣವ್ವ."

"ದಾರ ಹರೀತಾ, ಗಂಟು ಬಿಚ್ತಾ?"

ಜೇಬಿನಿಂದ ತುಂಡು ತೆಗೆದು ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದಳು. ಗಂಟು ಹಾಗೇ ಇತ್ತು. "ಹರ್ದಿದೆ" ಅಂದಳು. "ಎಲ್ಲಿ ಹೋಯ್ತು?"

"ಗುಡ್ಡದ ಮೇಲೆ. ಓಡೋವಾಗ."

"ಕೆಂಪು ಕಡೇಲೋ, ನೀಲಿ ಕಡೇಲೋ?"

ಅವಳ ಬಾಯಿಂದ ಆ ಮಾತು ಬರುತ್ತದೆ ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ. "ಕೆಂಪು" ಅಂದೆ.

"ಎಷ್ಟ್ನೇ ಜಾಗ ಬಂದಿತ್ತು ಕೆಂಪಲ್ಲಿ?"

"ಐದು."

"ಐದಾ!" ಅವಳ ಮುಖ ಒಂದು ಕ್ಷಣ ಅರಳಿತು. "ಹದಿನಾರರ ಒಳಗೆ ಬಂದ್ರೆ ಸಾಕು ಅಂದಿದ್ದೆಯಲ್ಲೇ. ನೀಲೀದು ನಿಧಾನಕ್ಕೆ ಇಳಿದಿದ್ರೂ ಆಗಿರೋದು. ನಿಂಗೆ ಹಿಮ್ಮಡಿ ಕಡೆ ವಾಲೋದು ಕಷ್ಟ ಅಂತಿದ್ದೆ, ಸರಿಯಾಗಿ ಕೂರ್ತಾ? ಬಿದ್ದ್ಯಾ?"

"ಓಡ್ಲಿಲ್ಲ ಕಣವ್ವ. ಹುಡುಕ್ತಾ ಕೂತ್ಬುಟ್ಟೆ."

ಅವ್ವನ ಕೈಲಿದ್ದ ನೂಲು ಕೆಳಗೆ ಬಿತ್ತು. ಬೈಯುತ್ತಾಳೆ ಅಂದುಕೊಂಡೆ. ಅವಳು ಅಂಗಡಿಯ ಹೊಸ್ತಿಲ ಮೇಲೆ ಕುಸಿದು ಕೂತು, ಅಪ್ಪ ಹೋದಾಗ ಅತ್ತ ಹಾಗೆ ಬಾಯಿಬಿಟ್ಟು ಅತ್ತುಬಿಟ್ಟಳು.

"ಅಯ್ಯೋ ನನ್ನ ಹುಚ್ಚು ಮಗಳೇ! ಲಿಂಗ ಮಠದಲ್ಲಿ ಇನ್ನೊಂದು ಕಟ್ತಾರೆ ಕಣೇ. ಆ ಗುಡ್ಡ ಯಾರೇ ಕೊಡ್ತಾರೆ ನಿಂಗೆ?"

"ನೀನೇ ಅಂದಿದ್ದೆಯಲ್ಲವ್ವ, ಇದು ಇರೋಗಂಟ ನಾನು ನಿನ್ನ ಮಗಳು ಅಂತ."

"ಸಿಟ್ಟಿಗೆ ಅಂದಿದ್ದು ಕಣೇ! ನೀನು ನನ್ನ ಹೊಟ್ಟೇಲಿ ಹುಟ್ಟಿದೋಳು, ದಾರದಲ್ಲಿ ಹುಟ್ಟಿದೋಳಾ?"

ಅಷ್ಟು ವರ್ಷ ಆ ಗುಡ್ಡಗಳ ಮೇಲೆ ನಾನು ಒಬ್ಬಳೇ ಅಂದುಕೊಂಡಿದ್ದೆ. ಭಾನುವಾರ ಭಾನುವಾರ ಗೋಡೆಗೆ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಆ ಗೋಡೆ ಒಂದಕ್ಷರ ಬಿಡದೆ ಎಲ್ಲವನ್ನೂ ಇಟ್ಟುಕೊಂಡಿತ್ತು. ಯಾಕವ್ವ ಒಂದು ಮಾತು ಹೇಳಲಿಲ್ಲ ಅಂತ ನಾನೂ ಅಲ್ಲೇ ಕೂತು ಅತ್ತೆ. "ಏನಂತ ಹೇಳ್ಲಿ, ನಂಗೇನು ಗೊತ್ತಾಗುತ್ತೆ ಅದ್ರಲ್ಲಿ" ಅಂದಳು ಅವ್ವ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ.

ಮಾರನೆಯ ದಿನ ಬೆಳಿಗ್ಗೆ ಮಠಕ್ಕೆ ಹೋದೆವು. ಗುರುಗಳು ಹೊಸ ಲಿಂಗ ಕೊಟ್ಟರು. ದಾರ ಅವ್ವನದೇ, ಈ ಸಲ ಎರಡರಷ್ಟು ದಪ್ಪ. ಮನೆಗೆ ಬಂದು ಬಿಸಿ ಅನ್ನ, ಬಸ್ಸಾರು ಬಡಿಸಿದಳು. ನಾನು ಉಣ್ಣುವುದನ್ನೇ ನೋಡುತ್ತಾ ಎದುರಿಗೆ ಕೂತಳು. ಹಳೇ ಲಿಂಗ ಮಾತ್ರ ಆ ಗುಡ್ಡದಲ್ಲೇ ಉಳಿಯಿತು. ಬೇಸಿಗೆಗೆ ಹಿಮ ಕರಗಿದಾಗ ಯಾವ ಹೊಳೆ ಸೇರಿತೋ.

ದೊಡ್ಡ ಕೂಟದ ಟಿಕೆಟ್ಟು ನನಗೆ ಮತ್ತೆ ಸಿಗಲಿಲ್ಲ. ಕೋಚ್ ಹೇಳಿದ ಹಾಗೇ ಮೊಣಕಾಲು ಕೈಕೊಟ್ಟಿತು. ಆದರೂ ಇನ್ನು ಎರಡು ಚಳಿಗಾಲ ಓಡಿದೆ, ಸಣ್ಣ ಪುಟ್ಟ ಪಂದ್ಯಗಳಲ್ಲಿ, ಮೂವತ್ತನೆಯವಳೋ ನಲವತ್ತನೆಯವಳೋ ಆಗಿ. ಮತ್ತೆ ಅಲ್ಲಿಗೆ ಹೋದ ಮೇಲಿನ ಮೊದಲ ಭಾನುವಾರ ಫೋನ್ ಮಾಡಿದಾಗ ಪೂಜೆ ಆಯ್ತಾ ಅಂತ ಕೇಳುತ್ತಾಳೆ ಅಂತ ಉತ್ತರ ನಾಲಿಗೆಯ ಮೇಲಿಟ್ಟುಕೊಂಡು ಕಾದಿದ್ದೆ.

"ಎರಡೂ ಕಡೆ ಓಡ್ದ್ಯಾ?" ಅಂದಳು ಅವ್ವ.

"ಓಡ್ದೆ ಕಣವ್ವ. ಎರಡೂ ಕಡೆ."

"ಹ್ಞೂಂ" ಅಂದಳು. ಆಮೇಲೆ ಪೂಜೆ ಕೇಳಿದಳು, ಊಟ ಕೇಳಿದಳು.